ಹೆಸರು ಕೇಳದ ಗುಂಡಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಶಿಡ್ಲಘಟ್ಟದ ರೇಷ್ಮೆ ರೀಲರುಗಳ ಬೀದಿಯಲ್ಲಿ ಒಂದು ಮೋಟಾರು ನಿಂತಿತು. ಕರೆಂಟು ಹೋಗಿರಲಿಲ್ಲ, ಮೋಟಾರು ಕೆಟ್ಟಿರಲಿಲ್ಲ. ನಿಲ್ಲಿಸಿದವರ ಹೆಸರು ಬರಬೇಕಾದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆಯ ಮುಂದೆ ಕೂತಿದ್ದ ಲಿಖಿತಾ ಆ ಖಾಲಿ ಜಾಗವನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಐದು ನಿಮಿಷದ ನಂತರ ಅದೇ ಮೋಟಾರು ಮತ್ತೆ ತಿರುಗತೊಡಗಿತು. ಈ ಸಲ ಹೆಸರು ಬಂತು: ಅಬ್ದುಲ್ ಖುದ್ದೂಸ್, ವಯಸ್ಸು ಎಪ್ಪತ್ತೊಂದು. ಹನ್ನೊಂದೂವರೆಗೆ ಮೋಟಾರು ಮತ್ತೆ ಹೆಸರಿಲ್ಲದೆ ನಿಂತಿತು. ಒಂದು ಗಂಟೆಯೊಳಗೆ ಹೀಗೆ ನಾಲ್ಕು ಸಲ ಆಯಿತು.

ಪಕ್ಕದ ಮೇಜಿನ ಸಹೋದ್ಯೋಗಿ ಕುತ್ತಿಗೆ ಚಾಚಿ ನೋಡಿ, "ಯಾರೋ ಗುಂಡಿಯ ತಂತಿಗೆ ಕೈ ಹಾಕಿದಾರೆ ಮೇಡಂ, ವರದಿ ಬರೆದುಬಿಡಲಾ?" ಎಂದ.

"ನಾನೇ ಬರೀತೀನಿ, ಬಿಡಿ" ಎಂದಳು ಲಿಖಿತಾ. ಆ ಮೀಟರಿನ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಅದು ಅವಳ ಅಮ್ಮನ ಶೆಡ್ಡಿನದು.

ನೀರು, ಕರೆಂಟು ಕೊಡುವ ಕಂಪನಿಯವರು ಗುರುತಿನ ಗುಂಡಿಗಳನ್ನು ಊರಿಗೆ ತಂದು ಆರು ವರ್ಷವಾಗಿತ್ತು. ನೀರಿಗೂ ಕರೆಂಟಿಗೂ ತತ್ವಾರ ಬಂದಿದ್ದ ಕಾಲ ಅದು. ಮನೆಯ ದೀಪ, ಫ್ಯಾನು, ಬೋರ್‌ವೆಲ್ಲು, ಬೀದಿ ನಲ್ಲಿ, ಎಲ್ಲದಕ್ಕೂ ಹಳೆಯ ಸ್ವಿಚ್ಚು ಕಿತ್ತು ಹೊಸ ಗುಂಡಿ ಕೂರಿಸಿದರು. ಒತ್ತಿದ ಬೆರಳಿನ ಗೆರೆಗಳನ್ನು ಗುಂಡಿ ಓದುತ್ತದೆ, ಇಂಥವರು ಎಂದು ಗುರುತು ಹಿಡಿಯುತ್ತದೆ, ಆಮೇಲೆ ದೀಪ ಹತ್ತುತ್ತದೆ. ಆರಿಸುವುದಕ್ಕೂ ಅದೇ ಕ್ರಮ. ಮೊದಮೊದಲು ಜನ ಗೊಣಗಿದರು, ಆಮೇಲೆ ಒಗ್ಗಿಕೊಂಡರು. ನೆಂಟರು ಬಂದರೆ ಮನೆಯವರು ಬಚ್ಚಲಿನ ದೀಪ ಹಚ್ಚಿಕೊಟ್ಟು ಬರುವುದು ಮರ್ಯಾದೆಯ ಭಾಗವಾಯಿತು. ಮದುವೆ ಛತ್ರಗಳಲ್ಲಿ ಗುಂಡಿ ಒತ್ತಲೆಂದೇ ಒಬ್ಬರನ್ನು ನೇಮಿಸತೊಡಗಿದರು. ಅತ್ತೆ ಸೊಸೆಯರ ಜಗಳದಲ್ಲಿ "ನನ್ನ ಬೆರಳಿಲ್ಲದೆ ಈ ಮನೇಲಿ ದೀಪ ಹತ್ತುತ್ತಾ?" ಎಂಬ ಹೊಸ ಮಾತು ಸೇರಿಕೊಂಡಿತು. ಆದರೆ ಪೋಲಾಗುವುದು ನಿಂತಿತು. ಊರ ಕೊನೆಯ ಮನೆಗಳಿಗೂ ನೀರು ಏರಿತು. ಇಂಜಿನಿಯರಿಂಗ್ ಮುಗಿಸಿ ಅದೇ ತಾನೇ ಕೆಲಸಕ್ಕೆ ಸೇರಿದ್ದ ಲಿಖಿತಾ ಮನೆಮನೆಗೆ ಹೋಗಿ ಬೆರಳು ದಾಖಲಿಸಿದ್ದಳು. ಆ ನೀರಿನಲ್ಲಿ ತನ್ನ ಪಾಲೂ ಇದೆ ಎಂಬ ಹೆಮ್ಮೆ ಅವಳಿಗಿತ್ತು.

ನಾನೂರ ಹನ್ನೆರಡು ಜನರ ಬೆರಳು ಮಾತ್ರ ದಾಖಲಾಗಲಿಲ್ಲ. ಅವರೆಲ್ಲ ರೇಷ್ಮೆ ನೂಲು ಬಿಚ್ಚುವವರು. ದಿನಕ್ಕೆ ಒಂಬತ್ತು ಗಂಟೆ ಬಿಸಿನೀರಿನ ಬೇಸಿನ್ನಿನಲ್ಲಿ ಕೈಯಿಟ್ಟು, ಬೆಂದ ಗೂಡಿನಿಂದ ಕೂದಲಿಗಿಂತ ತೆಳುವಾದ ಎಳೆ ಹುಡುಕಿ ತೆಗೆಯುವವರು. ಆ ನೀರು ವರ್ಷಗಟ್ಟಲೆ ತಾಕಿ ತಾಕಿ ಬೆರಳ ತುದಿ ಬಿಳಿಚಿ, ಊದಿ, ನುಣುಪಾಗಿಬಿಟ್ಟಿರುತ್ತದೆ. ಓದಲು ಗೆರೆಯೇ ಇರುವುದಿಲ್ಲ. ಲಿಖಿತಾ ತನ್ನ ಅಮ್ಮ ಮುನಿರತ್ನಮ್ಮನ ಹತ್ತು ಬೆರಳನ್ನೂ ಹದಿನೇಳು ಸಲ ಒತ್ತಿಸಿ ನೋಡಿ ಸೋತಿದ್ದಳು. ಪಟ್ಟಿಯ ಮೊದಲ ಹೆಸರೇ ಅಮ್ಮನದು.

"ಹೋಗ್ಲಿ ಬಿಡಮ್ಮ, ನೀನಿದೀಯಲ್ಲ" ಎಂದಿದ್ದಳು ಅಮ್ಮ ಅವತ್ತು. ಆದರೆ ಮಗಳು ಕೆಲಸಕ್ಕೆ ಹೋದಮೇಲೆ ಫ್ಯಾನು ಬೇಕಾದರೆ ಪಕ್ಕದ ಮನೆಯವರನ್ನು ಕರೆಯಬೇಕಿತ್ತು. ಊರಿನಲ್ಲಿ ಅತಿ ಸಣ್ಣ ನೂಲು ಬಿಚ್ಚುವ ಕೈ ಎಂದು ಹೆಸರಾದ ಹೆಂಗಸು ಬೆವರೊರೆಸಿಕೊಂಡು ಸುಮ್ಮನೆ ಕೂರುತ್ತಿದ್ದಳೇ ಹೊರತು ಯಾರನ್ನೂ ಕರೆಯುತ್ತಿರಲಿಲ್ಲ. ಅದು ಗೊತ್ತಿದ್ದರಿಂದ ಲಿಖಿತಾ ಹಗಲಲ್ಲೇ ಎಲ್ಲ ದೀಪ ಹಚ್ಚಿಟ್ಟು ಹೊರಡುತ್ತಿದ್ದಳು.

ಅವತ್ತು ಊಟದ ಹೊತ್ತಿಗೆ ಅವಳು ನೇರವಾಗಿ ಶೆಡ್ಡಿಗೇ ಬಂದಳು. ಬೆಂದ ಗೂಡಿನ ವಾಸನೆ, ಹಬೆ, ರಾಟೆಗಳ ಗುಂಯ್ ಸದ್ದು. ಅಮ್ಮ ಬೇಸಿನ್ನಿನ ಮುಂದೆ ಕೂತಿದ್ದಳು. ಅವಳ ಬಲಗಡೆ, ಕೈಗೆಟುಕುವಂತೆ, ಹಳೆಯ ಪ್ಲಾಸ್ಟಿಕ್ ತಿಂಡಿ ಡಬ್ಬಿಯೊಂದನ್ನು ಕಂಬಕ್ಕೆ ಬಿಗಿಯಲಾಗಿತ್ತು. ಅದರ ಮುಚ್ಚಳದ ಮೇಲೆ ಎರಡು ಹಿತ್ತಾಳೆ ಪಟ್ಟಿಗಳು, ನಡುವೆ ಒಂದು ಕಡ್ಡಿಯಷ್ಟು ಸಂದು.

"ಏನಮ್ಮ ಇದು?"

ಮುನಿರತ್ನಮ್ಮ ತಿರುಗಿ ನೋಡಲಿಲ್ಲ. ಎಳೆ ಕಡಿಯದಂತೆ ಕೈ ಮೇಲೆತ್ತಿ, ಒದ್ದೆ ಅಂಗೈಯನ್ನು ಆ ಪಟ್ಟಿಗಳ ಮೇಲಿಟ್ಟಳು. ಡಬ್ಬಿಯೊಳಗೆ ಟಿಕ್ ಎಂದಿತು. ರಾಟೆಗಳೆಲ್ಲ ನಿಂತವು.

"ಇದು ನಿಲ್ಲಿಸೋದು" ಎಂದಳು.

ಲಿಖಿತಾ ಬಾಗಿಲಿಗೆ ಒರಗಿ ನಿಂತಳು. ಕಂಪನಿಯ ನಿಯಮ ಅವಳಿಗೆ ಗೊತ್ತು. ಗುಂಡಿಯ ತಂತಿಗೆ ಬೇರೆ ಯಾವುದನ್ನಾದರೂ ಸೇರಿಸಿದರೆ ಆ ಬೀದಿಯ ಲೈನೇ ಕಡಿತ. "ಯಾರು ಮಾಡಿಕೊಟ್ಟಿದ್ದು? ಖುದ್ದೂಸ್ ಸಾಬರಾ?"

"ಅವರು ಹೇಳಿಕೊಟ್ಟರು. ಮಾಡಿದ್ದು ನಾನು."

ಎರಡು ವಾರದ ಹಿಂದೆ ನಡೆದದ್ದು ಲಿಖಿತಾಗೆ ಗೊತ್ತಿಲ್ಲದ ವಿಷಯವೇನಲ್ಲ. ಅಮ್ಮನ ಜೊತೆ ಹದಿನೈದು ವರ್ಷದಿಂದ ಕೂತು ನೂಲು ಬಿಚ್ಚುತ್ತಿದ್ದ ಷಮೀಮಾಳ ಸೆರಗು ರಾಟೆಯ ದಂಡಕ್ಕೆ ಸುತ್ತಿಕೊಂಡಿತ್ತು. ಸೆರಗಿನ ಹಿಂದೆಯೇ ಕೈ ಹೋಯಿತು. ಮುನಿರತ್ನಮ್ಮ ಎದ್ದು ಗುಂಡಿ ಒತ್ತಿದಳು. 'ಗುರುತು ಸಿಗಲಿಲ್ಲ' ಎಂದಿತು ಗುಂಡಿ. ಒದ್ದೆ ಕೈಯನ್ನು ಸೀರೆಗೆ ಒರೆಸಿ ಮತ್ತೆ ಒತ್ತಿದಳು. 'ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ' ಎಂದಿತು. ನಾಲ್ಕನೇ ಸಲಕ್ಕೆ ಗುಂಡಿಯನ್ನು ಬಿಟ್ಟು, ಓಡುತ್ತಿದ್ದ ಬೆಲ್ಟನ್ನೇ ಹಿಡಿದೆಳೆದು ಕಳಚಿ ಹಾಕಿದಳು. ಅಷ್ಟರೊಳಗೆ ಷಮೀಮಾಳ ಮಣಿಕಟ್ಟು ಮುರಿದಿತ್ತು, ಎರಡು ಬೆರಳು ಜಜ್ಜಿಹೋಗಿದ್ದವು. ಲಿಖಿತಾ ಆಸ್ಪತ್ರೆಗೆ ಓಡಿದ್ದಳು, ಅತ್ತಿದ್ದಳು, ಕಂಪನಿಗೆ ಪತ್ರವನ್ನೂ ಬರೆದಿದ್ದಳು. ಪತ್ರ ತಲುಪಿದೆ ಎಂದು ಉತ್ತರ ಬಂದಿತ್ತು.

ಅಮ್ಮ ಪತ್ರ ಬರೆಯುವವಳಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಷಮೀಮಾಳ ಸೋದರಮಾವ ಖುದ್ದೂಸ್ ಸಾಬರನ್ನು ಅವಳು ಒಂದೇ ಪ್ರಶ್ನೆ ಕೇಳಿದಳಂತೆ: "ಖುದ್ದೂಸಣ್ಣ, ಹಚ್ಚೋಕೆ ಹೆಸರು ಕೇಳಲಿ. ನಿಲ್ಲಿಸೋಕೆ ಯಾಕೆ ಹೆಸರು?"

ಖುದ್ದೂಸ್ ಸಾಬರು ಗೂಡಿನ ಮಾರುಕಟ್ಟೆಯ ಹಿಂದೆ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಈಗ ರಿಪೇರಿಗೆ ಯಾರೂ ಏನನ್ನೂ ತರುತ್ತಿರಲಿಲ್ಲ. ಆದರೂ ಅವರು ಅಂಗಡಿಯನ್ನು ಮುಚ್ಚಿರಲಿಲ್ಲ. ಸಣ್ಣ ಸಣ್ಣ ಖಾನೆಗಳಲ್ಲಿ ರೆಸಿಸ್ಟರು, ಡಯೋಡು, ಟ್ರಾನ್ಸಿಸ್ಟರುಗಳನ್ನು ಜೋಡಿಸಿಟ್ಟುಕೊಂಡು, ಯಾರಿಗೂ ಬೇಡದ ಆಟಿಕೆಗಳನ್ನು ಮಾಡುತ್ತಿದ್ದರು. ಮಳೆ ಹನಿ ಬಿದ್ದರೆ ಕೂಗುವ ಗಂಟೆ, ಕತ್ತಲಾದರೆ ತಾನೇ ಹತ್ತುವ ಬಲ್ಬು, ಗಿಡದ ಬುಡ ಒಣಗಿದರೆ ಮಿನುಗುವ ಕೆಂಪು ದೀಪ. ಎಲ್ಲದರ ಹೊಟ್ಟೆಯಲ್ಲೂ ಒಂದೇ ವಸ್ತು, ಡಾರ್ಲಿಂಗ್ಟನ್ ಟ್ರಾನ್ಸಿಸ್ಟರು.

ಅದನ್ನು ಅವರು ಮುನಿರತ್ನಮ್ಮನಿಗೆ ವಿವರಿಸಿದ್ದು ಹೀಗೆ: "ನೋಡು ರತ್ನಮ್ಮ, ಇದರೊಳಗೆ ಇಬ್ಬರಿದಾರೆ. ನಿನ್ನ ಕೈ ಈ ಎರಡು ಪಟ್ಟಿ ಮುಟ್ಟಿದಾಗ ಚರ್ಮದ ಮೂಲಕ ಅಷ್ಟೇ ಅಷ್ಟು ಕರೆಂಟು ಹರೀತದೆ. ಆಂಪಿಯರಿನ ಹತ್ತು ಲಕ್ಷದಲ್ಲಿ ಐದು ಪಾಲು. ಇರುವೆ ಪಿಸುಗುಟ್ಟಿದ ಹಾಗೆ. ಮೊದಲನೆಯವನು ಅದನ್ನ ಕೇಳಿಸಿಕೊಂಡು ನೂರು ಪಟ್ಟು ಜೋರಾಗಿ ಎರಡನೆಯವನಿಗೆ ಹೇಳ್ತಾನೆ. ಅವನು ಅದನ್ನ ಇನ್ನೂ ನೂರು ಪಟ್ಟು ಜೋರು ಮಾಡ್ತಾನೆ. ಒಟ್ಟು ಹತ್ತು ಸಾವಿರ ಪಟ್ಟು. ಅಷ್ಟಿದ್ರೆ ರಿಲೇ ಅನ್ನೋ ಕೊಂಡಿಯನ್ನ ಎಳೆಯುತ್ತೆ, ಅದು ಮೋಟಾರಿನ ಲೈನು ಬಿಡಿಸುತ್ತೆ. ಮುಟ್ಟಿದೋರು ಯಾರು ಅಂತ ಇದಕ್ಕೆ ಗೊತ್ತಿಲ್ಲ. ಮುಟ್ಟಿದರು ಅನ್ನೋದು ಮಾತ್ರ ಗೊತ್ತು."

"ಒದ್ದೆ ಕೈ ಆದ್ರೆ?"

"ಒದ್ದೆ ಕೈ ಆದ್ರೆ ಇನ್ನೂ ಚೆನ್ನಾಗಿ ಕೇಳಿಸುತ್ತೆ" ಎಂದಿದ್ದರು ಸಾಬರು.

ಆ ಮಾತು ಕೇಳಿದ ಮೇಲೆ ಅವಳು ದಿನಾ ಕೆಲಸ ಮುಗಿಸಿ, ಸಂಜೆ ಒಂದು ಗಂಟೆ ಅವರ ಅಂಗಡಿಯಲ್ಲಿ ಕೂತು ಬೆಸುಗೆ ಕಲಿತಳು. ಟ್ರಾನ್ಸಿಸ್ಟರಿನ ಮೂರು ಕಾಲುಗಳು ಕಣ್ಣಿಗೆ ಮಸುಕಾಗಿ ಕಂಡರೂ ಕೈಗೆ ಸ್ಪಷ್ಟವಾಗಿ ಸಿಗುತ್ತಿದ್ದವು. ಏಳು ಟ್ರಾನ್ಸಿಸ್ಟರುಗಳನ್ನು ಸುಟ್ಟಳು. ರಿಲೇ ಬಿಡುವಾಗ ಹಿಂದಕ್ಕೆ ಒದೆಯುತ್ತದೆ, ಆ ಒದೆತ ತಡೆಯಲು ಅಡ್ಡಲಾಗಿ ಒಂದು ಡಯೋಡು ಇರಬೇಕು ಎಂಬುದನ್ನು ಆ ಏಳರಿಂದಲೇ ಕಲಿತಳು. ಎಂಟನೆಯದು ಸುಡದೆ ಉಳಿಯಿತು. ಒಂಬತ್ತು ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುವುದರಿಂದ ಮುಟ್ಟಿದ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಇದನ್ನೆಲ್ಲ ನನ್ನ ಹತ್ರ ಯಾಕೆ ಹೇಳಲಿಲ್ಲ?" ಎಂದಳು ಲಿಖಿತಾ.

"ನಿನ್ನ ಕೆಲಸಕ್ಕೆ ತೊಂದರೆ ಬೇಡ ಅಂತ. ಗೊತ್ತಿಲ್ಲದೋರನ್ನ ಯಾರೂ ಬೈಯಲ್ಲ."

"ಈಗ ಗೊತ್ತಾಯ್ತಲ್ಲ. ಬೆಳಿಗ್ಗೆಯಿಂದ ನಾಲ್ಕು ಸಲ ನಿಲ್ಲಿಸಿದೀಯ. ಯಾಕೆ ಅಷ್ಟು ಸಲ?"

ಮುನಿರತ್ನಮ್ಮನ ಮುಖ ಬಾಡಿತು. "ನಿಲ್ಲಿಸಿದ್ದು ನಾನಲ್ಲ ಕಣೆ. ಅದೇ ನಿಲ್ತಾ ಐತೆ. ಒಂದೊಂದು ಸಲ ನಿಂತಾಗಲೂ ಎಳೆಗಳೆಲ್ಲ ಸಡಿಲ ಬೀಳ್ತಾವೆ, ಮತ್ತೆ ಹುಡುಕಿ ಸೇರಿಸಬೇಕು. ಪ್ರತಿ ಸಲ ಹಚ್ಚಿಕೊಡೋಕೆ ಖುದ್ದೂಸಣ್ಣನೇ ಅಂಗಡಿ ಬಿಟ್ಟು ಬರಬೇಕು. ಅವರ ಅಂಗಡೀಲಿ ಸರಿಯಾಗೇ ಇತ್ತು. ಇಲ್ಲಿಗೆ ತಂದ ಮೇಲೆ ಹಿಂಗೆ."

ತಂತಿಗೆ ಸೇರಿಸಿದ್ದು ಏನೇ ಇರಲಿ, ಅದನ್ನು ಕೀಳಿಸಬೇಕೆಂದೇ ಲಿಖಿತಾ ಕಚೇರಿಯಿಂದ ಹೊರಟಿದ್ದಳು. ಆದರೆ ನಿಂತಿದ್ದ ರಾಟೆಗಳನ್ನೂ, ಸಡಿಲವಾದ ಎಳೆಗಳನ್ನು ಒಂದೊಂದಾಗಿ ಎತ್ತುತ್ತಿದ್ದ ಅಮ್ಮನ ಕೈಯನ್ನೂ ನೋಡುತ್ತ ನಿಂತವಳಿಗೆ ಬೇರೆಯೇ ಯೋಚನೆ ಬಂತು. ತನ್ನ ಪರದೆಯ ಮೇಲೆ ಪ್ರತಿ ನಿಲುಗಡೆಯ ಗಂಟೆ, ನಿಮಿಷ, ಸೆಕೆಂಡು ಇದೆ. ಮೊಬೈಲು ತೆಗೆದು ಅವನ್ನು ಓದಿದಳು. "ಹತ್ತೂ ಇಪ್ಪತ್ತು. ಹನ್ನೊಂದೂವರೆ. ಹನ್ನೆರಡೂ ಹದಿನೈದು. ಒಂದಕ್ಕೆ ಐದು ನಿಮಿಷ ಇದ್ದಾಗ. ಆಗೆಲ್ಲ ನೀನೇನು ಮಾಡ್ತಿದ್ದೆ?"

ಅಮ್ಮ ಕಣ್ಣು ಮುಚ್ಚಿ ಬೆಳಗನ್ನು ನೆನೆಸಿಕೊಂಡಳು. ಆಮೇಲೆ ನಿಧಾನವಾಗಿ ಗೂಡು ಬೇಯಿಸುವ ಹಂಡೆಯ ಕಡೆ ನೋಡಿದಳು. "ಹಂಡೆ ಮುಚ್ಚಳ ತೆಗೆದಾಗಲೆಲ್ಲ."

ಮುಚ್ಚಳ ತೆಗೆದರೆ ಹಬೆ ಏಳುತ್ತದೆ. ಹಬೆ ಹಿತ್ತಾಳೆಯ ಮೇಲೆ ಕೂತು ಹನಿಯಾಗುತ್ತದೆ. ಹನಿ ಆ ಸಂದಿಗೆ ಸೇತುವೆ ಕಟ್ಟುತ್ತದೆ. ಅಷ್ಟು ಚುರುಕು ಕಿವಿಯ ಡಾರ್ಲಿಂಗ್ಟನ್ನಿಗೆ ಕೈಯೂ ಒಂದೇ, ಹನಿಯೂ ಒಂದೇ.

ತಾಯಿ ಮಗಳು ಇಬ್ಬರೂ ಊಟ ಮರೆತರು. ಸಂಜೆ ಖುದ್ದೂಸ್ ಸಾಬರೂ ಬಂದು ಸೇರಿದರು. ಪಿಸುಮಾತು ಹೋಗುವ ದಾರಿಯ ಪಕ್ಕದಲ್ಲೇ ಒಂದು ರೆಸಿಸ್ಟರು ಹಾಕಿದರೆ ಹಬೆಯ ಸಣ್ಣ ಕರೆಂಟು ಅಲ್ಲೇ ಸೋರಿಹೋಗುತ್ತದೆ, ಕೈ ಹಾಕಿದಾಗಿನ ಕರೆಂಟು ಮಾತ್ರ ಒಳಗೆ ಮುಟ್ಟುತ್ತದೆ ಎಂದು ಅವರು ಲೆಕ್ಕ ಹಾಕಿಕೊಟ್ಟರು. ಆದರೂ ದೊಡ್ಡ ಹನಿ ಬಿದ್ದರೆ ಮೋಸ ಹೋಗುತ್ತಿತ್ತು. ಮೂರನೇ ದಿನ ಮುನಿರತ್ನಮ್ಮ ಪಟ್ಟಿಗಳನ್ನೇ ಬಿಚ್ಚಿ, ಹಿತ್ತಾಳೆಯ ಎರಡು ಬಳೆ ಮಾಡಿಸಿ, ತೆಂಗಿನ ಚಿಪ್ಪಿನಂಥ ಒಂದು ಬಟ್ಟಲನ್ನು ಕವುಚಿ ಅದರ ಅಂಚಿನ ಕೆಳಗೆ ಒಂದರ ಕೆಳಗೊಂದು ಕೂರಿಸಿದಳು. ಮೇಲೆ ಕೂತ ನೀರು ಅಂಚಿನಿಂದ ಜಾರಿ ಕೆಳಗೆ ಬೀಳುತ್ತಿತ್ತು, ಬಳೆಗಳನ್ನು ಸೇರಿಸುತ್ತಿರಲಿಲ್ಲ. ಕೈಯಲ್ಲಿ ಬಟ್ಟಲನ್ನು ಹಿಡಿದರೆ ಬೆರಳುಗಳು ತಾವಾಗಿ ಎರಡು ಬಳೆಯನ್ನೂ ಮುಟ್ಟುತ್ತಿದ್ದವು.

"ಇಷ್ಟಾದರೂ ತಪ್ಪಿದರೆ?" ಎಂದಳು ಲಿಖಿತಾ.

"ತಪ್ಪಿದ್ರೂ ನಿಲ್ಲೋ ಕಡೆಗೇ ತಪ್ಪಲಿ" ಎಂದಳು ಅಮ್ಮ.

ಆಗ ನೂಲಿಗೆ ಬೇಡಿಕೆ ಜೋರಾಗಿತ್ತು, ಷಮೀಮಾಳ ಜಾಗ ಖಾಲಿಯಿತ್ತು. ಲಿಖಿತಾ ಮುಂದಿನ ಸೋಮವಾರ, ಮಂಗಳವಾರ ರಜೆ ಹಾಕಿ, ಭಾನುವಾರವನ್ನೂ ಸೇರಿಸಿಕೊಂಡು, ಮೂರು ದಿನ ಆ ಜಾಗದಲ್ಲಿ ಕೂತಳು. ಚಿಕ್ಕಂದಿನಲ್ಲಿ ಕಲಿತದ್ದು ಕೈಯಲ್ಲಿ ಇನ್ನೂ ಉಳಿದಿತ್ತು. ಮೊದಲ ದಿನ ಬೆರಳು ಉರಿಯಿತು, ಎರಡನೇ ದಿನ ಸುಕ್ಕಾಯಿತು, ಮೂರನೇ ದಿನ ಚರ್ಮ ಎದ್ದಿತು. ಬಟ್ಟಲಿನ ಗುಂಡಿ ಆ ಮೂರು ದಿನದಲ್ಲಿ ಒಮ್ಮೆಯೂ ತಾನಾಗಿ ಮೋಟಾರು ನಿಲ್ಲಿಸಲಿಲ್ಲ. ನಿಲ್ಲಿಸಿ ನೋಡೋಣವೆಂದು ಮುಟ್ಟಿದಾಗಲೆಲ್ಲ ನಿಂತಿತು.

ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೋದ ಲಿಖಿತಾ ನಿಯಂತ್ರಣ ಕೊಠಡಿಯ ಬಾಗಿಲ ಗುಂಡಿ ಒತ್ತಿದಳು.

'ಗುರುತು ಸಿಗಲಿಲ್ಲ' ಎಂದಿತು ಗುಂಡಿ.

ಬೇರೆ ಬೆರಳು ಒತ್ತಿದಳು. 'ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ.' ಹತ್ತೂ ಬೆರಳು ಮುಗಿದವು. ಗಾಜಿನಾಚೆ ಅವಳ ಕುರ್ಚಿ, ಅವಳ ಮೇಜು, ಅವಳೇ ಆರು ವರ್ಷ ಕಾದ ಪರದೆ ಕಾಣುತ್ತಿತ್ತು. ಕಾರಿಡಾರಿನಲ್ಲಿ ಬಂದವರು ಅವಳನ್ನು ನೋಡಿ ನಕ್ಕು, "ಏನ್ ಮೇಡಂ, ನಿಮ್ಮನ್ನೇ ಮರೆತುಬಿಡ್ತಾ?" ಎಂದು ತಮಾಷೆ ಮಾಡಿ ಬಾಗಿಲು ತೆರೆದುಕೊಟ್ಟರು. ಅವಳೂ ನಕ್ಕಳು. ಆದರೆ ಒಳಗೆ ಹೋಗಿ ಕೂತಮೇಲೆ ಕೆನ್ನೆ ಸುಡುತ್ತಿತ್ತು. ಅಮ್ಮ ಆರು ವರ್ಷದಿಂದ ದಿನಾ ನಿಂತಿದ್ದಂಥ ಬಾಗಿಲಿನ ಮುಂದೆ ತಾನು ಎರಡು ನಿಮಿಷ ನಿಂತಿದ್ದಳು, ಅಷ್ಟೇ.

ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಕಾದಿತ್ತು. ಹೆಸರಿಲ್ಲದ ನಿಲುಗಡೆಗಳು ಹತ್ತು ದಾಟಿದ್ದರಿಂದ ರೀಲರುಗಳ ಬೀದಿಯ ಲೈನು ಶುಕ್ರವಾರ ಕಡಿತವಾಗುತ್ತದೆ, ಮೇಲ್ವಿಚಾರಕರು, ಅಂದರೆ ಅವಳೇ, ವರದಿ ಕೊಡಬೇಕು. ಅರವತ್ತು ಶೆಡ್ಡುಗಳ ಲೈನದು. ಮೀಟರು ಕೆಟ್ಟಿತ್ತು ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು, ಅಂಥ ಸಾಲುಗಳನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಲಿಖಿತಾ ಆ ಸಾಲು ಬರೆದು ಅಳಿಸಿದಳು. ಮೀಟರು ಕೆಟ್ಟಿತ್ತು ಎಂದರೆ ಅಮ್ಮನ ಡಬ್ಬಿ ಎಂದೆಂದೂ ಕದ್ದು ಮಾಡಿದ ವಸ್ತುವಾಗಿಯೇ ಉಳಿಯುತ್ತದೆ. ಉಳಿದ ಐವತ್ತೊಂಬತ್ತು ಶೆಡ್ಡುಗಳಿಗೆ ಅದು ಎಂದೂ ಹೋಗುವುದಿಲ್ಲ.

ಸುಲಿದ ಬೆರಳುಗಳಿಂದ ನಿಧಾನವಾಗಿ ಟೈಪು ಮಾಡಿದಳು. ಮಾಡಿದವರ ಹೆಸರು: ಮುನಿರತ್ನಮ್ಮ, ನನ್ನ ತಾಯಿ. ಉದ್ದೇಶ: ಓಡುವ ಯಂತ್ರವನ್ನು ಯಾರು ಬೇಕಾದರೂ, ಒದ್ದೆ ಕೈಯಲ್ಲೂ, ನಿಲ್ಲಿಸುವುದು. ಷಮೀಮಾಳಿಗೆ ಆದದ್ದನ್ನು ಬರೆದಳು. ಸರ್ಕ್ಯೂಟಿನ ಚಿತ್ರ, ಮೂರು ದಿನದ ಪರೀಕ್ಷೆಯ ಅಂಕಿಗಳು, ತಾನೇ ಬಾಗಿಲ ಹೊರಗೆ ನಿಂತ ಸಂಗತಿ, ಎಲ್ಲವನ್ನೂ ಸೇರಿಸಿ ಬೆಂಗಳೂರಿನ ಮುಖ್ಯ ಇಂಜಿನಿಯರಿಗೆ ಕಳಿಸಿದಳು. ಕೊನೆಯಲ್ಲಿ, ನನಗೆ ಇದು ಗೊತ್ತಿತ್ತು, ನಾನು ಸಹಾಯ ಮಾಡಿದ್ದೇನೆ ಎಂದೂ ಬರೆದಳು.

ಮುಖ್ಯ ಇಂಜಿನಿಯರು ಗುರುಬಸವ ಪಾಟೀಲರು ಗುರುವಾರ ಮಧ್ಯಾಹ್ನವೇ ಬಂದರು. ಐವತ್ತೈದರ ಮನುಷ್ಯ, ಮಾತು ಕಡಿಮೆ. ಶೆಡ್ಡಿನೊಳಗೆ ಚಪ್ಪಲಿ ಬಿಟ್ಟು ಬಂದರು. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡ ಷಮೀಮಾ ಖುದ್ದೂಸ್ ಸಾಬರ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು.

"ಇದನ್ನ ನೂರು ಸಲ ಮುಟ್ಟಿ ನೋಡ್ತೀನಿ ರೀ. ಒಂದು ಸಲ ತಪ್ಪಿದರೂ ಬರಕೊಳ್ತೀನಿ" ಎಂದರು ಪಾಟೀಲರು.

"ಇನ್ನೂರು ಸಲ ಮುಟ್ಟಿ ಸ್ವಾಮಿ" ಎಂದಳು ಮುನಿರತ್ನಮ್ಮ.

ಅವರು ಒಣ ಕೈಯಲ್ಲಿ ಮುಟ್ಟಿದರು. ಒದ್ದೆ ಕೈಯಲ್ಲಿ, ಮೊಣಕೈಯಲ್ಲಿ, ಅಂಗೈಯ ಹಿಂಬದಿಯಲ್ಲಿ ಮುಟ್ಟಿದರು. ಹಂಡೆಯ ಮುಚ್ಚಳ ತೆಗೆಸಿ ಹಬೆಯಲ್ಲಿ ಕಾದರು. ರಬ್ಬರು ಗವಸು ಹಾಕಿ ಮುಟ್ಟಿದಾಗ ಮಾತ್ರ ಮೋಟಾರು ನಿಲ್ಲಲಿಲ್ಲ.

"ಇದಕ್ಕೆ ಗವಸು ಆಗಲ್ಲ" ಎಂದರು.

"ಹೌದು ಸ್ವಾಮಿ, ಗವಸಿಗೆ ಇದು ಆಗಲ್ಲ. ಆದ್ರೆ ಗವಸು ಹಾಕಿಕೊಂಡು ಎಳೆ ಹಿಡಿಯೋರು ನಮ್ಮೂರಲ್ಲಿ ಇಲ್ಲ."

ಪಾಟೀಲರು ಅದನ್ನೂ ಬರೆದುಕೊಂಡರು. ಜೊತೆಗೆ ತಂದಿದ್ದ ಉಪಕರಣದಲ್ಲಿ ವೇಳೆ ಅಳೆದರು. ಕೈ ಮುಟ್ಟಿದ ಮೇಲೆ ರಿಲೇ ಲೈನು ಬಿಡಿಸಲು ಸೆಕೆಂಡಿನ ನೂರರಲ್ಲಿ ಎರಡು ಪಾಲು. ಕಂಪನಿಯ ಗುಂಡಿಗೆ ಒಳ್ಳೆಯ ಒಣ ಬೆರಳಿದ್ದರೂ ಎರಡು ಸೆಕೆಂಡು ಬೇಕಿತ್ತು. ಅವರು ಪುಸ್ತಕ ಮುಚ್ಚಿ ಕೇಳಿದರು: "ಒಂದು ಮಾತು. ಯಾರು ಬೇಕಾದರೂ ಮುಟ್ಟಿ ನಿಲ್ಲಿಸಬಹುದು ಅಂದರೆ, ಆಗದವರು ಬಂದು ನಿಮ್ಮ ಮೋಟಾರು ನಿಲ್ಲಿಸಿ ಹೋಗಬಹುದಲ್ಲ? ಯಾರು ಅಂತ ನಮಗೆ ಗೊತ್ತೇ ಆಗೂದಿಲ್ಲ."

"ನಿಲ್ಲಿಸಲಿ ಬಿಡಿ. ನಿಂತ ಮೋಟಾರನ್ನ ಮತ್ತೆ ಓಡಿಸಬೋದು" ಎಂದಳು ಮುನಿರತ್ನಮ್ಮ. ಅವಳು ಷಮೀಮಾಳ ಕಡೆ ನೋಡಿದಳು.

ಷಮೀಮಾ ಮೆಲ್ಲಗೆ ಹೇಳಿದಳು: "ನಾನು ಕೂಗ್ತಾ ಇದ್ದೆ ಸರ್. ಗುಂಡಿ ಹೆಸರು ಕೇಳ್ತಾ ಇತ್ತು."

ಪಾಟೀಲರು ಕಿಸೆಗೆ ಪೆನ್ನು ಸಿಕ್ಕಿಸಿ, ಬಟ್ಟಲಿನ ಕೆಳಗೆ ಬಗ್ಗಿ, ಆ ಎರಡು ಬಳೆಗಳನ್ನು ಮತ್ತೊಮ್ಮೆ ನೋಡಿದರು. "ಹನಿ ಜಾರಿ ಹೋಗಲಿ ಅಂತ ಹಿಂಗ ಕವುಚಿ ಇಟ್ಟೀರಲ್ಲ, ಇದು ಯಾರ ಐಡಿಯಾ?"

"ನಂದೇ ಸ್ವಾಮಿ."

"ನಮ್ಮ ಪ್ರಯೋಗಾಲಯದಾಗ ಹದಿನಾಲ್ಕು ಜನ ಇದ್ದಾರ" ಎಂದರು ಪಾಟೀಲರು. ಹೋಗುವ ಮುಂಚೆ ಲಿಖಿತಾಳನ್ನು ಕರೆದು, "ಶುಕ್ರವಾರದ ಕಡಿತ ನಾನು ತಡೀತೀನಿ. ಉಳಿದದ್ದಕ್ಕ ಸ್ವಲ್ಪ ದಿನ ಬೇಕು" ಎಂದರು.

ಸ್ವಲ್ಪ ದಿನ ಎಂದದ್ದು ಐದು ವಾರವಾಯಿತು. ಆ ಐದು ವಾರದಲ್ಲಿ ಲಿಖಿತಾ ಎರಡು ಸಲ ವಿವರಣೆ ಬರೆದುಕೊಟ್ಟಳು, ನಿಯಮ ಮುರಿದದ್ದಕ್ಕೆ ಒಂದು ಎಚ್ಚರಿಕೆ ಪತ್ರವನ್ನೂ ಪಡೆದಳು. ಆರನೇ ವಾರ ಆದೇಶ ಬಂತು. ಯಂತ್ರ ನಿಲ್ಲಿಸಲು ಇನ್ನು ಯಾವ ಊರಿನಲ್ಲೂ ಗುರುತು ಕೇಳಬಾರದು. ಪ್ರತಿ ಮೋಟಾರಿನ ಪಕ್ಕ ಕೈ ಮುಟ್ಟಿದರೆ ನಿಲ್ಲುವ ಗುಂಡಿ ಇರಬೇಕು. ಬೆರಳ ಗೆರೆ ಇಲ್ಲದವರ ಮನೆಗಳಲ್ಲಿ ದೀಪ, ಫ್ಯಾನು, ನಲ್ಲಿಗಳಿಗೂ ಅದೇ ಬಗೆಯ ಗುಂಡಿ ಕೂರಿಸಿ, ಮನೆಯ ಹೆಸರಿಗೆ ದಾಖಲಿಸಿಕೊಂಡರೆ ಸಾಕು.

ಮೊದಲ ದೀಪದ ಗುಂಡಿ ಮುನಿರತ್ನಮ್ಮನ ಅಡುಗೆಮನೆಗೆ ಬಂತು. ಅವಳು ಮುಟ್ಟಿದಳು, ದೀಪ ಹತ್ತಿತು. ಮುಟ್ಟಿದಳು, ಆರಿತು. ಮತ್ತೆ ಹಚ್ಚಿದಳು. "ಸುಮ್ನೆ ಯಾಕಮ್ಮ ಹಚ್ಚಿ ಆರಿಸ್ತೀಯ?" ಎಂದಳು ಲಿಖಿತಾ. ಅಮ್ಮ ಒಲೆಯ ಕಡೆ ತಿರುಗಿ ಅನ್ನಕ್ಕೆ ಎಸರಿಟ್ಟಳು. ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಲಿಖಿತಾ ನೋಡಿಯೂ ನೋಡದಂತೆ ಹೊರಗೆ ಬಂದಳು.

ಗುಂಡಿಗಳನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಪಾಟೀಲರು, ಇದನ್ನು ಕಂಡುಹಿಡಿದವರೇ ಮೊದಲ ಆರುನೂರು ಗುಂಡಿಗಳನ್ನು ಮಾಡಲಿ ಎಂದು ಬರೆದಿದ್ದರು. ಹೀಗಾಗಿ ರೀಲರುಗಳ ಸಂಘದ ಹಜಾರದಲ್ಲಿ ಉದ್ದಕ್ಕೆ ಮೇಜುಗಳು ಬಂದವು. ಹನ್ನೆರಡು ಹೆಂಗಸರು ಬೆಸುಗೆ ಕಡ್ಡಿ ಹಿಡಿದು ಕೂತರು. ಖುದ್ದೂಸ್ ಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಜಿನಿಂದ ಮೇಜಿಗೆ ಓಡಾಡುತ್ತ, "ಎಡಗಡೆ ಕಾಲು ಯಾವುದು ಹೇಳು ನೋಡೋಣ, ಬೇಟಿ" ಎಂದು ಮೇಷ್ಟರಂತೆ ಕೇಳುತ್ತಿದ್ದರು. ಷಮೀಮಾ ಎಡಗೈಯಲ್ಲೇ ಬಿಡಿಭಾಗಗಳನ್ನು ಎಣಿಸಿ ಹಂಚುತ್ತಿದ್ದಳು. ಎಣ್ಣೆ ಗಾಣದವರು, ಪವರ್‌ಲೂಮಿನವರು, ಕಬ್ಬಿನ ಹಾಲಿನವರು ಬಂದು ಬಂದು ನೋಡಿಹೋದರು.

ಮೊದಲ ನೂರು ಗುಂಡಿ ಒಪ್ಪಿಸಿಕೊಳ್ಳಲು ಪಾಟೀಲರು ಇಬ್ಬರು ಯುವ ಇಂಜಿನಿಯರುಗಳನ್ನು ಕರೆತಂದಿದ್ದರು. ಅವರ ಕೈಯಲ್ಲಿ ಭೂತಗನ್ನಡಿ, ಮೀಟರು, ಪಟ್ಟಿ ಎಲ್ಲವೂ ಇದ್ದವು. ಆದರೆ ಅವರಿಗಿಂತ ಮುಂಚೆ ಮುನಿರತ್ನಮ್ಮನ ತಪಾಸಣೆ ನಡೆಯಬೇಕಿತ್ತು. ಸಂಘದ ಹೆಂಗಸರೇ ಹಾಗೆಂದು ತೀರ್ಮಾನಿಸಿದ್ದರು. ಅವಳು ಕುರ್ಚಿಯ ಮೇಲೆ ನೆಟ್ಟಗೆ ಕೂತು, ಗುಂಡಿಯೊಳಗಿನ ಸರ್ಕ್ಯೂಟಿನ ಒಂದೊಂದೇ ಬಿಲ್ಲೆಯನ್ನು ತಿರುಗಿಸಿ ಹಿಡಿದು, ಬೆಸುಗೆಗಳ ಮೇಲೆ ನುಣುಪಾದ ಬೆರಳ ತುದಿ ಆಡಿಸುತ್ತಿದ್ದಳು. ಕಣ್ಣು ಎಲ್ಲೋ ದೂರ ಇರುತ್ತಿತ್ತು. ಸರಿಯಿದ್ದರೆ ಬಲಕ್ಕೆ ಇಡುವಳು. ಹೀಗೆ ಬಲಗಡೆ ಗುಡ್ಡೆ ಬೆಳೆಯಿತು. ಅರವತ್ತೆರಡನೆಯದೋ ಅರವತ್ತಮೂರನೆಯದೋ ಬಿಲ್ಲೆಯ ಮೇಲೆ ಬೆರಳು ನಿಂತಿತು, ಹಿಂದಕ್ಕೆ ಹೋಗಿ ಮತ್ತೆ ಅದೇ ಜಾಗಕ್ಕೆ ಬಂತು.

"ಇದು ಯಾರದು?"

ಹನ್ನೆರಡು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಂದು" ಎಂದಳು ಲಿಖಿತಾ. ರಜಾದಿನಗಳಲ್ಲಿ ಬಂದು ಅವಳೂ ಒಂದು ಮೇಜಿನಲ್ಲಿ ಕೂರುತ್ತಿದ್ದಳು.

"ಎರಡನೇ ಕಾಲಿನ ಬೆಸುಗೆ ಕಚ್ಚಿಲ್ಲ."

ಯುವ ಇಂಜಿನಿಯರೊಬ್ಬ ಮೀಟರು ಇಟ್ಟು ನೋಡಿದ. "ಕರೆಂಟು ಹೋಗ್ತಿದೆಯಲ್ಲ ಅಮ್ಮ, ಸರಿ ಇದೆ."

"ಇವತ್ತು ಹೋಗುತ್ತೆ. ನಾಲ್ಕು ದಿನ ಹಬೆ ಕುಡಿದ ಮೇಲೆ ಹೋಗಲ್ಲ."

ಪಾಟೀಲರು ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದರು. ಬಿಲ್ಲೆಯನ್ನು ಅತ್ತ ಇತ್ತ ಓರೆ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಆ ಯುವಕನ ಕೈಗೆ ಕೊಟ್ಟು, "ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು. ನೋಡಿ ಕಲಿತುಕೊ" ಎಂದರು. ಆ ಯುವಕ ಬಿಲ್ಲೆ ನೋಡುವುದನ್ನು ಬಿಟ್ಟು ಮುನಿರತ್ನಮ್ಮನ ಬೆರಳುಗಳನ್ನೇ ನೋಡುತ್ತಿದ್ದ.

ಮುನಿರತ್ನಮ್ಮ ಬಿಲ್ಲೆ ವಾಪಸು ತೆಗೆದುಕೊಂಡು ಮಗಳ ಮುಂದಿಟ್ಟಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ರಿಯಾಯಿತಿಯೂ ಇರಲಿಲ್ಲ. "ಬಿಚ್ಚಿ ಮತ್ತೆ ಹಾಕು. ಕಾಲು ಚೆನ್ನಾಗಿ ಕಾದ ಮೇಲೆ ಸೀಸ ಮುಟ್ಟಿಸು, ಅವಸರ ಮಾಡಬೇಡ."

"ಆಯ್ತಮ್ಮ" ಎಂದಳು ಲಿಖಿತಾ. ಅಷ್ಟು ಜನರ ಎದುರು ತಪ್ಪು ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯಾಗಬೇಕಿತ್ತು. ಆದರೆ ಎದೆ ತುಂಬಿ, ಮುಖದ ಮೇಲಿನ ನಗುವನ್ನು ತಡೆಯಲಾಗದೆ ಅವಳು ತಲೆ ತಗ್ಗಿಸಿದಳು. ಬೆಸುಗೆ ಕಡ್ಡಿ ಕಾಯುವವರೆಗೂ ಕಾದು, ಟ್ರಾನ್ಸಿಸ್ಟರಿನ ಎರಡನೇ ಕಾಲನ್ನು ಹುಷಾರಾಗಿ ಬಿಚ್ಚತೊಡಗಿದಳು.